ಡೀಸೆಲ್ಲಿನ ದಾರಿ ಹಿಡಿದು

ಉಪ್ಪಿನಕಾಯಿ, ಮಕ್ಕಳ ಕೆಮ್ಮು-ನೆಗಡಿ, ಕಸೂತಿ ಹೊಲಿಗೆ ಇವುಗಳ ನಡುವೆ ಲಾರಿ ಎಂಜಿನ್ನಿನ ಮಾತೇಕೆ ಬಂತು ಎಂದು ನೀವು ಹುಬ್ಬೇರಿಸಬಹುದು. ಬರಲೇಬೇಕಾಯಿತು, ಸೋದರಿಯರೇ. ಯಾದಗಿರಿ, ಶಹಾಪುರ, ಸುರಪುರ ಈ ಕಡೆ ಒಂದೇ ಒಂದು ಲಾರಿಯನ್ನು ನಂಬಿ ಬದುಕುವ ಮನೆಗಳು ಎಷ್ಟೋ ಇವೆ. ಹತ್ತಿ, ಭತ್ತ, ತೊಗರಿಯ ಸುಗ್ಗಿಯಲ್ಲಿ ಅದು ಓಡಿದರೆ ವರ್ಷವಿಡೀ ಒಲೆ ಉರಿಯುತ್ತದೆ. ಇಂಥ ಮನೆಗಳಲ್ಲಿ ಲಾರಿ ಎಂದರೆ ಗಂಡಸರ ವಿಷಯ, ಲಾರಿಯ ಕಂತು ಎಂದರೆ ಮಾತ್ರ ಹೆಂಗಸರ ವಿಷಯ! ಕಂತಿನ ದಿನ ಹತ್ತಿರ ಬಂದಾಗ ಬಿಚ್ಚುವುದು ಯಾರ ಕೊರಳಿನ ಸರ, ನೀವೇ ಹೇಳಿ? ಹಾಗಿರುವಾಗ ಆ ಲಾರಿ ಯಾಕೆ ನಿಂತಿತು ಎಂದು ತಿಳಿದುಕೊಳ್ಳುವ ಹಕ್ಕೂ ನಮಗಿದೆ ಅಲ್ಲವೇ?

ನಮ್ಮ ಮನೆಯಲ್ಲೂ ಒಂದು ಹಳೆಯ ಲಾರಿ ಇದೆ, ನಮ್ಮವರೇ ಓಡಿಸುತ್ತಾರೆ. ಹೋದ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಸರಿಯಾಗಿ ಅದಕ್ಕೆ ಕಾಯಿಲೆ ಹಿಡಿಯಿತು. ಖಾಲಿ ಇದ್ದಾಗ ತೊಂದರೆಯೇ ಇಲ್ಲ; ಶಹಾಪುರದಿಂದ ಹೊರಟು ಭೀಮಾ ಸೇತುವೆ ದಾಟಿ ಯಾದಗಿರಿಗೆ ಹೋಗಿ ಬರುತ್ತಿತ್ತು. ಲೋಡು ಹೇರಿಕೊಂಡು ಸುರಪುರದ ಗುಡ್ಡದ ಏರಿಗೆ ಬಂತೋ, ಅರ್ಧಕ್ಕೇ ಉಸಿರು ಕಟ್ಟಿದಂತಾಗಿ, ಕೆಳಗಿನ ಗೇರಿಗೆ ಇಳಿಸಿದರೂ ಎಳೆಯದು. ಬೆಳಿಗ್ಗೆ ಚಾಲೂ ಮಾಡಿದರೆ ಒಂದು ನಿಮಿಷ ಓಡಿ ತಾನೇ ಆರಿಹೋಗುವುದು. ಕ್ಲೀನರ್ ಹುಡುಗ ಕೈಪಂಪು ಒತ್ತಿ ಒತ್ತಿ ಸುಸ್ತಾಗುವನು. ಇವರು ಅದನ್ನು ಒಂದು ವರ್ಕ್‌ಶಾಪಿಗೆ ಒಯ್ದರು. ಕೈ ಹಚ್ಚಿ ನೋಡುವ ಮೊದಲೇ ತೀರ್ಪು ಬಂತು: "ಪ್ರೆಶರ್ ಇಲ್ರಿ. ಪಂಪ್ ಹೋಗ್ಯಾದ. ಇಳಿಸಿ ಹೊರಗ ಕಳಿಸಬೇಕು. ಇಪ್ಪತ್ತೆಂಟು ಸಾವಿರ ಇಟ್ಕೊಳ್ರಿ, ಎಂಟು ದಿನ ಬಿಟ್ಟು ಬರ್ರಿ."

ಸುಗ್ಗಿಯಲ್ಲಿ ಎಂಟು ದಿನ! ಇವರು ಬಂದು ಹೇಳಿದಾಗ ಅತ್ತೆಯವರು ಮಾತಾಡಲಿಲ್ಲ. ಸುಮ್ಮನೆ ಕೈಯಲ್ಲಿಯ ಪಾಟಲಿ ತಿರುಗಿಸತೊಡಗಿದರು. ಆ ಪಾಟಲಿ ಹಿಂದೊಮ್ಮೆ ಟೈರಿಗಾಗಿ ಅಡವು ಹೋಗಿ, ಎರಡು ವರ್ಷದ ಮೇಲೆ ಮನೆಗೆ ಮರಳಿದ್ದವು.

ಇವರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಹಿರಿಯ ಮಿಸ್ತ್ರಿಯೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟಿದ್ದಾರೆ. ನಾವೆಲ್ಲ ಅವರಿಗೆ ಚಾಚಾ ಎನ್ನುತ್ತೇವೆ. ಚಹಾ ಕುಡಿಯಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಬೇಟಿ, ಗ್ಯಾಸ್ ಒಲಿ ಉರಿ ಸಣ್ಣಗಾದ್ರ ಮೊದಲ ಒಲಿ ಬದಲಿ ಮಾಡ್ತೀಯೋ, ಸಿಲಿಂಡರ್ ನೋಡ್ತೀಯೋ?"

"ಸಿಲಿಂಡರ್ ನೋಡ್ತೀನಿ ಚಾಚಾ. ಆಮ್ಯಾಲ ಪೈಪು. ಆಮ್ಯಾಲ ಬರ್ನರ್."

"ಲಾರೀನೂ ಅಷ್ಟೇ. ಡೀಸೆಲ್ ಯಾವ ದಾರಿ ಹಿಡಿದು ಬರ್ತದೋ ಅದೇ ದಾರಿ ಹಿಡಿದು ಹುಡುಕಬೇಕು. ನನಗ ಕಣ್ಣು ಕಾಣಂಗಿಲ್ಲ. ನಾ ಹೇಳ್ತೀನಿ, ನೀ ನೋಡು, ಅವ ಪಾನಾ ತಿರುಗಿಸ್ತಾನ."

ಹೀಗೆ ನನ್ನ ಪಾಠ ಶುರುವಾಯಿತು. ಅಂದು ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ಆ ದಾರಿ ತಿಳಿದುಕೊಳ್ಳಿ. ಟ್ಯಾಂಕಿನಿಂದ ಒಂದು ಪೈಪು ಎಂಜಿನ್ನಿನ ಕಡೆ ಬರುತ್ತದೆ. ಅಲ್ಲಿ ಫೀಡ್ ಪಂಪ್ ಎಂಬ ಸಣ್ಣ ಪಂಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಕ್ಲೀನರ್ ಹುಡುಗರು ಒತ್ತುವ ಕೈಪಂಪು ಇರುವುದೂ ಇದರ ಮೇಲೆಯೇ. ಅದು ಡೀಸೆಲನ್ನು ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ತಳ್ಳುತ್ತದೆ. ದೊಡ್ಡ ಪಂಪು ಅದನ್ನು ಅಳೆದು, ಒತ್ತಿ, ಒಂದೊಂದು ಸಿಲಿಂಡರಿನ ನಾಝಲ್ಲಿಗೆ ಕಳಿಸುತ್ತದೆ. ಮಿಕ್ಕ ಡೀಸೆಲ್ ಇನ್ನೊಂದು ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ.

ಮಿಸ್ತ್ರಿಗಳು "ಪ್ರೆಶರ್ ಇಲ್ಲ" ಎಂದಾಗ ಯಾವ ಪ್ರೆಶರ್ ಎಂದು ಕೇಳಬೇಕು. ಹಳೆಯ ಲಾರಿಗಳಲ್ಲಿ ಎರಡು ಬಗೆ ಇದೆ. ಫೀಡ್ ಪಂಪು ತಳ್ಳುವ ಒತ್ತಡ ಸಾಧಾರಣವಾಗಿ ಚದರ ಸೆಂಟಿಮೀಟರಿಗೆ 1ರಿಂದ 1.5 ಕಿಲೋ, ಗಾಡಿಯಿಂದ ಗಾಡಿಗೆ ಸ್ವಲ್ಪ ಹೆಚ್ಚುಕಡಿಮೆ. ಇದು ನಮ್ಮ ಅಡಿಗೆಮನೆಯ ಕುಕ್ಕರಿನಲ್ಲಿ ಸೀಟಿ ಹೊಡೆಯುವ ಹೊತ್ತಿಗೆ ಇರುತ್ತದಲ್ಲ, ಹತ್ತಿರ ಹತ್ತಿರ ಅಷ್ಟೇ! ನಾಝಲ್ಲಿನ ಬಾಯಿ ತೆರೆಯಲು ಬೇಕಾದದ್ದು ಮಾತ್ರ ಸುಮಾರು 200 ಕಿಲೋ, ಕೆಲವು ಎಂಜಿನ್ನುಗಳಲ್ಲಿ ಇನ್ನೂ ಹೆಚ್ಚು. ಕುಕ್ಕರಿನಷ್ಟು ಒತ್ತಡ ತಪ್ಪಿದರೂ ದೊಡ್ಡ ಪಂಪಿನ ಹೊಟ್ಟೆ ತುಂಬುವುದಿಲ್ಲ. ಹೊಟ್ಟೆ ತುಂಬದ ಪಂಪು ನಾಝಲ್ಲಿಗೆ ಏನು ಬಡಿಸೀತು? ಆಗ ಲಾರಿ ಏರು ಹತ್ತುವುದಿಲ್ಲ, ಬೈಗುಳ ಬೀಳುವುದು ಪಂಪಿನ ಮೇಲೆ.

ಹಾಗೆಂದು ಆ ದೊಡ್ಡ ಪಂಪು ಸಾಮಾನ್ಯ ವಸ್ತುವಲ್ಲ. ರುಡಾಲ್ಫ್ ಡೀಸೆಲ್ ಎಂಬಾತ ಜರ್ಮನಿಯಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದು 1897ರಲ್ಲಿ. ಆದರೆ ಲಾರಿಗೆ ಹೊಂದುವಂಥ ಇಂಜೆಕ್ಷನ್ ಪಂಪನ್ನು ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು 1927ರಲ್ಲಿ. ನಡುವೆ ಮೂವತ್ತು ವರ್ಷ ಹಿಡಿಯಿತು. ನಮ್ಮ ದೇಶದಲ್ಲಿ ಈ ಪಂಪಿಗೆ ಹೆಸರಾದದ್ದು ಬೆಂಗಳೂರಿನ ಆಡುಗೋಡಿಯ ಮೈಕೋ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಆದರೂ ಹಳೆಯ ಮಿಸ್ತ್ರಿಗಳ ಬಾಯಲ್ಲಿ ಅದು ಇನ್ನೂ 'ಮೈಕೋ ಪಂಪ್'. ಅದರೊಳಗಿನ ದಂಡಕ್ಕೂ ಅದರ ಗೂಡಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು-ನಾಲ್ಕು ಪಾಲು ಮಾತ್ರ. ನಮ್ಮ ತಲೆಗೂದಲು ಇದಕ್ಕಿಂತ ಹತ್ತಾರು ಪಟ್ಟು ದಪ್ಪ. ಆದ್ದರಿಂದ ಅದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ, ಬಿಚ್ಚಿದರೆ ಖರ್ಚೂ ತಪ್ಪದು. ಅದಕ್ಕೇ ಚಾಚಾ ಹೇಳಿದರು: "ಪಂಪ್ ಕೆಡಂಗಿಲ್ಲ ಅಂತಲ್ಲ. ಕೆಡ್ತದ. ಆದ್ರ ಅದು ಕಡೀಕ ನೋಡೋದು."

ಈಗ ಒಂದೊಂದೇ ಹೆಜ್ಜೆ ಹೇಳುತ್ತೇನೆ. ಶುರುಮಾಡುವ ಮೊದಲು ಲಾರಿ ಸಮನೆಲದಲ್ಲಿ ನಿಂತಿರಲಿ, ಗೇರು ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬೀಡಿ, ಊದಿನಕಡ್ಡಿ, ಒಲೆ ಯಾವುದೂ ಹತ್ತಿರ ಬೇಡ. ಎಂಜಿನ್ ಓಡುವಾಗ ಸೆರಗು, ಜಡೆ, ಬಳೆ ಫ್ಯಾನ್ ಬೆಲ್ಟಿನಿಂದ ದೂರವಿರಲಿ.

ಮೊದಲು ಹೊಗೆ ನೋಡಿ. ಎಳೆತ ಕಡಿಮೆಯಾಗಿ ಕರಿ ಹೊಗೆ ದಟ್ಟವಾಗಿ ಬಂದರೆ ಏರ್ ಫಿಲ್ಟರ್ ಅಥವಾ ನಾಝಲ್ ಕಡೆ ಗಮನ ಕೊಡಬೇಕು. ನಮ್ಮ ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಕಟ್ಟುವುದು ದೊಡ್ಡ ಮಾತಲ್ಲ. ಹೊಗೆ ಹೆಚ್ಚದೆ ಎಳೆತ ಮಾತ್ರ ಹೋದರೆ ಡೀಸೆಲ್ ಸಾಲುತ್ತಿಲ್ಲ ಎಂದು ಸಂಶಯಪಡಿ. ನಮ್ಮದು ಎರಡನೆಯ ಬಗೆ.

ಆಮೇಲೆ ಟ್ಯಾಂಕಿನ ಮುಚ್ಚಳ. ಮಗುವಿಗೆ ಬಾಟಲಿ ಹಾಲು ಕುಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಟಲಿಯೊಳಗೆ ಗಾಳಿ ಹೋಗದಿದ್ದರೆ ನಿಪ್ಪಲು ಚಪ್ಪಟೆಯಾಗಿ, ಮಗು ಎಷ್ಟು ಎಳೆದರೂ ಹಾಲು ಬಾರದೆ ಅಳುತ್ತದೆ. ಟ್ಯಾಂಕಿಗೂ ಹಾಗೆಯೇ, ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ಕಿಂಡಿ ಇರುತ್ತದೆ. ಧೂಳು-ಎಣ್ಣೆ ಸೇರಿ ಅದು ಮುಚ್ಚಿಹೋಗುತ್ತದೆ. ಕೆಲವರು ಮುಚ್ಚಳ ಕಳೆದುಹೋದಾಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟ್ಯೂಬಿನ ರಬ್ಬರು ಬಿಗಿದಿರುತ್ತಾರೆ. ಲಾರಿ ಎಳೆಯದೆ ನಿಂತಾಗ ಮುಚ್ಚಳ ಸಡಿಲಿಸಿದರೆ 'ಸುಯ್' ಎಂದು ಗಾಳಿ ಒಳಗೆ ನುಗ್ಗಿತೇ? ಆಮೇಲೆ ಎಂಜಿನ್ ಚೇತರಿಸಿಕೊಂಡಿತೇ? ಹಾಗಿದ್ದರೆ ಕಾಯಿಲೆ ಅಲ್ಲೇ ಸಿಕ್ಕಿತು. ಖರ್ಚು ಒಂದು ಮುಚ್ಚಳ, ಅಷ್ಟೇ. ನಮ್ಮ ಮುಚ್ಚಳ ಚೆನ್ನಾಗಿತ್ತು.

ಮೂರನೆಯದು ನೀರು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಒಳಗೋಡೆಯ ಮೇಲೆ ಹನಿ ಕೂಡುತ್ತದೆ, ಬಿಸಿ ಅನ್ನದ ಡಬ್ಬಿಯ ಮುಚ್ಚಳಕ್ಕೆ ಕೂಡಿದ ಹಾಗೆ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಒಂದು ಗಾಜಿನ ಶೀಸೆಗೆ ಸ್ವಲ್ಪ ಹಿಡಿಯಿರಿ. ಒಂದು ಗಂಟೆ ಅಲುಗಿಸದೆ ಇಡಿ. ನೀರಿದ್ದರೆ ಕೆಳಗೆ ಕೂಡುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ತಳದಲ್ಲಿ ಕಪ್ಪು ಗಸಿ ಕಂಡರೆ ಟ್ಯಾಂಕ್ ತೊಳೆಸುವ ಕಾಲ ಬಂದಿದೆ ಎಂದೇ ಅರ್ಥ. ಆ ಶೀಸೆಯನ್ನು ಮಾತ್ರ ಮತ್ತೆ ಅಡಿಗೆಮನೆಗೆ ತರಬೇಡಿ, ಮಕ್ಕಳ ಕೈಗೂ ಸಿಗದಿರಲಿ.

ನಾಲ್ಕನೆಯದು ಕೈಪಂಪು. ಇದು ಕೈಗೇ ತಿಳಿಯುವ ಪರೀಕ್ಷೆ. ಸೀಮೆಎಣ್ಣೆಯ ಪಂಪ್ ಸ್ಟೋವ್ ಹಚ್ಚಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ: ಒತ್ತುತ್ತ ಹೋದಂತೆ ಬಿಗಿ ಬರಬೇಕು. ಇಲ್ಲಿಯೂ ಹಾಗೆಯೇ. ಮೇಲಕ್ಕೆ ಎಳೆಯುವಾಗಲೇ ಹಿಡಿದುಕೊಂಡಂತಾಗಿ ಹಿಂದಕ್ಕೆ ಸೆಳೆದರೆ ಟ್ಯಾಂಕಿನ ಕಡೆ ಏನೋ ಕಟ್ಟಿದೆ. ಒಳಗಿನ ಜಾಳಿಗೆ ನೋಡಬೇಕು. ಎಷ್ಟು ಒತ್ತಿದರೂ ಬಿಗಿ ಬಾರದೆ ಸಡಿಲವಾಗಿಯೇ ಇದ್ದರೆ ಗಾಳಿ ಸೇರುತ್ತಿರಬೇಕು, ಇಲ್ಲವೇ ಫೀಡ್ ಪಂಪಿನ ವಾಲ್ವು ಸವೆದಿರಬೇಕು. ನಮ್ಮದು ಸಡಿಲವಾಗಿಯೇ ಇತ್ತು.

ಆಗ ಚಾಚಾ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪು ಒತ್ತಿಸಿದರು. ಇದಕ್ಕೇ 'ಏರ್ ತೆಗೆಯುವುದು' ಎನ್ನುತ್ತಾರೆ. ಮೊದಲು ನೊರೆನೊರೆಯಾಗಿ ಬಂದು ಕ್ರಮೇಣ ಡೀಸೆಲ್ ಒಂದೇ ಧಾರೆಯಾಗಬೇಕು. ಧಾರೆ ಬರುತ್ತಿರುವಾಗಲೇ ತಿರುಪು ಬಿಗಿಯಬೇಕು. "ಏನ್ ಕಾಣ್ತದ ಬೇಟಿ?" ಎಂದು ಕೇಳುತ್ತಲೇ ಇದ್ದರು. ನಾನು ಬ್ಯಾಟರಿ ಹಿಡಿದು ನೋಡುತ್ತಿದ್ದೆ. ನೊರೆ ನಿಲ್ಲಲೇ ಇಲ್ಲ. "ಬುರುಗು ಬರ್ತಾನೇ ಅದ ಚಾಚಾ." "ಹಂಗಾದ್ರ ಎಲ್ಲೋ ಗಾಳಿ ಕುಡೀಲಿಕತ್ತದ," ಎಂದರು.

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಪೈಪು ಸೀಳಿದ್ದರೆ ಡೀಸೆಲ್ ಹೊರಗೆ ಸೋರಬೇಕಲ್ಲ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಫೀಡ್ ಪಂಪಿನಿಂದ ಮುಂದಕ್ಕೆ ಅದು ನಿಜ. ಅಲ್ಲಿ ಡೀಸೆಲ್ ತಳ್ಳಿಸಿಕೊಂಡು ಹೋಗುವುದರಿಂದ ಸೀಳು ಬಿಟ್ಟರೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಎಳೆಸಿಕೊಂಡು ಬರುತ್ತದೆ. ಎಳನೀರಿನ ಸ್ಟ್ರಾದಲ್ಲಿ ಸೂಜಿಯಷ್ಟು ತೂತಿದ್ದರೆ ಏನಾಗುತ್ತದೆ? ನೀರು ಹೊರಗೆ ಸೋರುವುದಿಲ್ಲ. ಗಾಳಿ ಒಳಗೆ ಬಂದು ಬರೀ ಬುರುಬುರು ಸದ್ದಾಗುತ್ತದೆ. ಅದರಂತೆಯೇ ಇಲ್ಲಿಯ ಸೀಳು ಒಣಗಿಯೇ ಇರಬಹುದು. ನಿಂತ ಲಾರಿಯಲ್ಲಿ ರಾತ್ರಿಯೆಲ್ಲ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂದೆ ಸರಿಯುತ್ತದೆ. ಬೆಳಿಗ್ಗೆ ಎಂಜಿನ್ ಹತ್ತಿ ಆರುವುದು ಅದಕ್ಕೇ.

ಮುಂದಿನದು ಕ್ಯಾನಿನ ಪರೀಕ್ಷೆ. ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಇದು. ಶುದ್ಧವಾದ ಕ್ಯಾನಿನಲ್ಲಿ ಐದು ಲೀಟರ್ ಒಳ್ಳೆಯ ಡೀಸೆಲ್ ತುಂಬಿ, ಬೆಲ್ಟಿಗೂ ಬಿಸಿ ಸೈಲೆನ್ಸರಿಗೂ ದೂರವಾಗಿ ಭದ್ರವಾಗಿ ಇಡಬೇಕು. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಿಂದ ಬಿಡಿಸಿ, ಅಲ್ಲಿಗೆ ಒಂದು ಹೊಸ ಪೈಪು ಹಚ್ಚಿ ಕ್ಯಾನಿನಲ್ಲಿ ಅದ್ದಬೇಕು. ಏರ್ ತೆಗೆದು ಚಾಲೂ ಮಾಡಬೇಕು. ಈಗ ಎಂಜಿನ್ ಸರಿಯಾಗಿ ಓಡಿದರೆ ದೋಷ ಟ್ಯಾಂಕಿನಲ್ಲೋ ಹಳೆಯ ಪೈಪಿನಲ್ಲೋ ಇದೆ. ಆಗಲೂ ಸರಿಯಾಗದಿದ್ದರೆ ಮುಂದೆ ಫೀಡ್ ಪಂಪು, ಫಿಲ್ಟರು ನೋಡಬೇಕು. ಇದು ನಿಂತಲ್ಲೇ ಮಾಡುವ ಪರೀಕ್ಷೆ. ಕ್ಯಾನು ಇಟ್ಟುಕೊಂಡು ರಸ್ತೆಗೆ ಇಳಿಯಬಾರದು. ಪೈಪಿನಿಂದ ಬಾಯಲ್ಲಿ ಡೀಸೆಲ್ ಎಳೆಯುವ ಅಭ್ಯಾಸ ಕ್ಲೀನರ್ ಹುಡುಗರಿಗಿದೆ. ಅದನ್ನು ಖಂಡಿತ ಬಿಡಿಸಿ. ಉಸಿರಿನ ಜೊತೆ ಡೀಸೆಲ್ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಕ್ಯಾನು ಇಟ್ಟು ಚಾಲೂ ಮಾಡಿದ ನಮ್ಮ ಲಾರಿ ಒಂದು ನಿಮಿಷವಲ್ಲ, ಕಾಲು ಗಂಟೆ ಓಡಿದರೂ ಆರಲಿಲ್ಲ. ಇವರು ರೇಸ್ ಕೊಟ್ಟಷ್ಟೂ ಎತ್ತಿಕೊಂಡಿತು. ಚಾಚಾ ನಕ್ಕು, "ಪಂಪ್ ಇಳಿಸಬ್ಯಾಡ. ಪೈಪ್ ಹುಡುಕು," ಎಂದರು. ಇವರು ಲಾರಿಯ ಕೆಳಗೆ ನುಸುಳಿ ಪೈಪನ್ನು ಗೇಣು ಗೇಣಾಗಿ ಒರೆಸುತ್ತ ಬಂದರು. ಚಾಸಿಗೆ ಉಜ್ಜುವ ಒಂದು ಕಡೆ, ಕ್ಲಿಪ್ಪಿನ ಅಡಿಯಲ್ಲಿ, ರಬ್ಬರು ಬಿರುಕು ಬಿಟ್ಟಿತ್ತು. ಬಗ್ಗಿಸಿದರೆ ಮಾತ್ರ ಕಾಣುವ ಬಿರುಕು. ಅದರ ಸುತ್ತ ಒಂದು ಹನಿ ಡೀಸೆಲ್ಲಿನ ಕಲೆಯೂ ಇರಲಿಲ್ಲ.

ಹೊಸ ಪೈಪು, ಎರಡು ಕ್ಲಿಪ್ಪು, ತಾಮ್ರದ ವಾಷರು, ಹೇಗೂ ಬದಲಿಸಬೇಕಿದ್ದ ಫಿಲ್ಟರು ಎಲ್ಲ ಸೇರಿ 1,140 ರೂಪಾಯಿ ಆಯಿತು. ಮಾರನೆಯ ದಿನ ಹತ್ತಿ ಹೇರಿಕೊಂಡು ಹೋದ ಲಾರಿ ಸುರಪುರದ ಏರನ್ನು ನಿಲ್ಲದೆ ಹತ್ತಿತು ಎಂದು ಇವರು ಅಲ್ಲಿಂದಲೇ ಫೋನು ಮಾಡಿದರು. ಅತ್ತೆಯವರ ಪಾಟಲಿ ಕೈಯಲ್ಲೇ ಉಳಿದವು.

ಎಲ್ಲರ ಮನೆಯಲ್ಲೂ ಕಥೆ ಪೈಪಿಗೇ ಮುಗಿಯುವುದಿಲ್ಲ. ಕ್ಯಾನು ಇಟ್ಟರೂ ಸರಿಹೋಗದಿದ್ದರೆ ಗೇಜು ಹಾಕಿಸಿ. ಫೀಡ್ ಪಂಪಿನ ನಂತರ ಒಮ್ಮೆ, ಫಿಲ್ಟರಿನ ನಂತರ ಒಮ್ಮೆ ನೋಡಬೇಕು. ಫಿಲ್ಟರಿನ ಮೊದಲು ಒತ್ತಡ ಚೆನ್ನಾಗಿದ್ದು ಆಮೇಲೆ ಬಿದ್ದರೆ ಫಿಲ್ಟರು ಕಟ್ಟಿದೆ. ಚಹಾ ಸೋಸುವ ಜಾಳಿಗೆಯಲ್ಲಿ ಪುಡಿ ತುಂಬಿಕೊಂಡ ಹಾಗೆ. ಎರಡೂ ಕಡೆ ಕಡಿಮೆ ಇದ್ದರೆ ಫೀಡ್ ಪಂಪು ಸೋತಿರಬಹುದು, ಇಲ್ಲವೇ ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ವಾಲ್ವು ತೆರೆದೇ ಉಳಿದಿರಬಹುದು. ದೊಡ್ಡ ಪಂಪಿಗೆ ಹೋಲಿಸಿದರೆ ಈ ಎರಡೂ ಸಣ್ಣ ಖರ್ಚೇ. ಒತ್ತಡ ಎಲ್ಲ ಕಡೆ ಸರಿಯಾಗಿದ್ದೂ ಲಾರಿ ಎಳೆಯದಿದ್ದರೆ ಆಗ ದೊಡ್ಡ ಪಂಪಿನ ಮತ್ತು ನಾಝಲ್ಲಿನ ಸರದಿ. ಆ ದುಡ್ಡನ್ನು ಗೊಣಗದೆ ಕೊಡಿ.

ಒಂದು ಎಚ್ಚರಿಕೆ ಹೇಳದೆ ಮುಗಿಸಲಾರೆ. ಇದೆಲ್ಲ ಹಳೆಯ ಪಂಪಿನ ಲಾರಿಗಳ ಮಾತು. ನಿಮ್ಮದು ಹೊಸ ಕಾಲದ ಲಾರಿಯಾದರೆ ಅದು ಬಹುಶಃ ಕಾಮನ್ ರೈಲ್ ಎಂಜಿನ್ನಿನದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನವಂತೂ ಕಂಪ್ಯೂಟರಿನ ಹಿಡಿತದಲ್ಲೇ ಓಡುತ್ತವೆ. ಕಾಮನ್ ರೈಲಿನಲ್ಲಿ ನಾಝಲ್ಲಿಗೆ ಹೋಗುವ ಪೈಪಿನ ಒತ್ತಡ 1,000 ಕಿಲೋ ದಾಟುತ್ತದೆ, ಕೆಲವದರಲ್ಲಿ 2,000 ಮುಟ್ಟುತ್ತದೆ. ಆ ಪೈಪುಗಳ ನಟ್ಟನ್ನು ಸಡಿಲಿಸಲೇಬಾರದು. ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ನೋಡಲೂಬಾರದು. ಆ ಡೀಸೆಲ್ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೈಯನ್ನೇ ಕಳೆದುಕೊಳ್ಳುವಂತಾದೀತು. ಅರಿಸಿನ ಹಚ್ಚಿ ಕೂಡದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಹೊಸ ಲಾರಿಯಲ್ಲಿ ನಾವು ನೋಡಬಹುದಾದದ್ದು ಟ್ಯಾಂಕಿನ ಮುಚ್ಚಳ, ನೀರು ಬೇರ್ಪಡಿಸುವ ಫಿಲ್ಟರು, ಡ್ಯಾಶ್‌ಬೋರ್ಡಿನ ದೀಪ ಇಷ್ಟೇ. ಉಳಿದದ್ದು ಸ್ಕ್ಯಾನರ್ ಇದ್ದವರ ಕೆಲಸ.

ಆ ದಿನದಿಂದ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಜೊತೆ ಇನ್ನೊಂದು ನೋಟ್‌ಬುಕ್ ಸೇರಿದೆ. ಫಿಲ್ಟರ್ ಯಾವಾಗ ಬದಲಾಯಿತು, ಆಗ ಎಷ್ಟು ಕಿಲೋಮೀಟರ್ ಓಡಿತ್ತು, ನೀರು ಯಾವಾಗ ಇಳಿಸಿದ್ದು, ಯಾವ ಬಂಕಿನ ಡೀಸೆಲ್ ಎಲ್ಲ ಬರೆಯುತ್ತೇನೆ. ಎರಡು ನಿಮಿಷದ ಕೆಲಸ. ಲಾರಿ ಮುನಿದ ದಿನ ಯಾವ ಹೆಜ್ಜೆಯಿಂದ ಹುಡುಕಬೇಕು ಎಂದು ಅದೇ ಹೇಳುತ್ತದೆ.

ಎಲ್ಲ ಮಿಸ್ತ್ರಿಗಳೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಹತ್ತು ಗಾಡಿ ಸಾಲಾಗಿ ನಿಂತಾಗ ಒಂದು ಬಿರುಕು ಹುಡುಕುತ್ತ ಕೂಡಲು ಅವರಿಗೂ ಪುರುಸೊತ್ತು ಇರುವುದಿಲ್ಲ. ಆದರೆ ಕಂತು ಕಟ್ಟುವವರು ನಾವು. ನಮಗೆ ಪುರುಸೊತ್ತು ಬೇಕು. ಪಾನಾ ಹಿಡಿಯಲು ನಿಮಗೆ ಮನಸ್ಸಿಲ್ಲದಿದ್ದರೆ ಬೇಡ. "ಪಂಪ್ ಇಳಿಸಬೇಕು" ಎಂಬ ಮಾತು ಮನೆಗೆ ಬಂದ ದಿನ ಮೂರೇ ಪ್ರಶ್ನೆ ಕೇಳಿ: ಟ್ಯಾಂಕಿನ ಮುಚ್ಚಳ, ಜಾಳಿಗೆ ನೋಡಿದಿರಾ? ಕ್ಯಾನು ಇಟ್ಟು ಓಡಿಸಿದಿರಾ? ಫಿಲ್ಟರಿನ ಹಿಂದೆ ಮುಂದೆ ಗೇಜು ಹಾಕಿದಿರಾ? ಮೂರಕ್ಕೂ ಹೌದು ಎಂಬ ಉತ್ತರ ಬಂದ ಮೇಲೆ ಬೇಕಾದರೆ ತಿಜೋರಿಯ ಬೀಗ ತೆಗೆಯಿರಿ.